ಸುಳ್ಳು ಹೇಳದೆ ಧೈರ್ಯ ಹೇಳುವುದು: ಮಕ್ಕಳ ಪಾದದ ಶಸ್ತ್ರಚಿಕಿತ್ಸೆ ಕುರಿತು ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಹಂತಗಳಲ್ಲಿ ನಿಂತು ಕೇಳಿದ್ದವು. ಮಕ್ಕಳ ಫಿಜಿಯೋಥೆರಪಿಯಲ್ಲಿ ಬಹಳ ಕಾಲ ಕೆಲಸ ಮಾಡಿರುವ ನನಗೆ ಇವು ಪರಿಚಿತ ಪ್ರಶ್ನೆಗಳು. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ನಾಲ್ಕಕ್ಕೆ ಮಾತ್ರ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಈಗ ನಾಲ್ಕೂವರೆ ವರ್ಷ. ಹುಟ್ಟುವಾಗಲೇ ಅವನ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತು. ಎಳೆಯ ಮಗುವಾಗಿದ್ದಾಗ ವಾರಕ್ಕೊಂದರಂತೆ ಪ್ಲಾಸ್ಟರ್ ಹಾಕಿ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಯನ್ನು) ಕತ್ತರಿಸಿ ಸಡಿಲಗೊಳಿಸಿ, ಅನಂತರ ಸರಳಿಗೆ ಜೋಡಿಸಿದ ಬೂಟುಗಳನ್ನು ಕೊಟ್ಟಿದ್ದರು. ಪಾದ ನೇರವಾಗಿತ್ತು. ಎರಡು ವರ್ಷ ತುಂಬಿದ ಮೇಲೆ ರಾತ್ರಿ ಬೂಟು ಹಾಕಿದರೆ ಬಹಳ ಅಳುತ್ತಿದ್ದ. ನೋಡಲಾರದೆ ನಾನೇ ನಿಲ್ಲಿಸಿಬಿಟ್ಟೆ. ಈಗ ಅವನು ಪಾದದ ಹೊರ ಅಂಚನ್ನು ಊರಿ ನಡೆಯುತ್ತಾನೆ. ಸ್ನಾಯುವಿನ ತುದಿಯನ್ನು ಬೇರೆ ಜಾಗಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ ಮೂರು ವಾರದಲ್ಲಿದೆ. ಅವನಿಗೆ ಇದನ್ನು ಯಾವಾಗ, ಹೇಗೆ ಹೇಳಬೇಕು? ಸುತ್ತಾಡಲು ಹೋಗೋಣವೆಂದು ಹೇಳಿ ಕರೆದೊಯ್ದರೆ ಸಾಕೆಂದು ಮನೆಯವರು ಹೇಳುತ್ತಾರೆ. ನನ್ನ ತಪ್ಪಿನಿಂದಲೇ ಹೀಗಾಯಿತಲ್ಲ ಎಂಬ ಕೊರಗು ನನ್ನನ್ನು ಬಿಡುತ್ತಿಲ್ಲ.

ಉತ್ತರ: ಮೊದಲು ನಿಮ್ಮ ಕೊರಗಿನ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ತಾಯಿಯ ಮನಸ್ಸಿನಲ್ಲಿ ಅದು ಕುಳಿತಿರುವವರೆಗೆ ಮಗುವಿನೊಂದಿಗೆ ಸಮಾಧಾನದಿಂದ ಮಾತನಾಡುವುದು ಕಷ್ಟ. ನಿಮ್ಮ ಮಗನಿಗೆ ಇದ್ದದ್ದನ್ನು ಸೊಟ್ಟಪಾದ ಅಥವಾ ಕ್ಲಬ್ ಫುಟ್ ಎನ್ನುತ್ತಾರೆ. ಸುಮಾರು 1000 ಶಿಶುಗಳಲ್ಲಿ ಒಂದಕ್ಕೆ ಇದು ಕಾಣಿಸಿಕೊಳ್ಳುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಬಸಿರಿನಲ್ಲಿ ನೀವು ಮಲಗಿದ ಭಂಗಿಯಿಂದಾಗಲಿ, ಎತ್ತಿದ ಭಾರದಿಂದಾಗಲಿ ಅದು ಬಂದದ್ದಲ್ಲ. ಬೂಟಿನ ವಿಷಯದಲ್ಲಿ ಮಾತ್ರ ನಾನು ನಿಮಗೆ ಹಿತವಾದ ಸುಳ್ಳನ್ನು ಹೇಳಲಾರೆ. ನೇರವಾದ ಪಾದ ಮತ್ತೆ ತಿರುಗಲು ಎಲ್ಲಕ್ಕಿಂತ ದೊಡ್ಡ ಕಾರಣ ಆ ಬೂಟುಗಳನ್ನು ಬೇಗ ಬಿಡುವುದೇ ಆಗಿದೆ. ಅದಕ್ಕಾಗಿಯೇ ನಾಲ್ಕು ಅಥವಾ ಐದು ವರ್ಷದವರೆಗೆ ರಾತ್ರಿಯ ಹೊತ್ತು ಅವನ್ನು ಹಾಕಲು ಹೇಳುವುದು. ಆದರೆ ಒಂದು ರಾತ್ರಿಯೂ ತಪ್ಪಿಸದೆ ಹಾಕಿದ ಮನೆಗಳ ಮಕ್ಕಳಲ್ಲಿಯೂ ಕೆಲವರ ಪಾದ ಮರಳಿ ತಿರುಗುವುದನ್ನು ನಾನು ಕಂಡಿದ್ದೇನೆ, ಮತ್ತು ನಿದ್ದೆಗೆಟ್ಟು ಅಳುವ ಮಗುವಿನ ಮುಂದೆ ಎಷ್ಟೋ ತಾಯಂದಿರ ಕೈ ಸೋತಿರುವುದನ್ನೂ ಕಂಡಿದ್ದೇನೆ. ವಾರವಾರದ ಪ್ಲಾಸ್ಟರಿನ ಈ ಚಿಕಿತ್ಸೆಯನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದವರು ಡಾ. ಇಗ್ನಾಸಿಯೊ ಪೊನ್ಸೆಟಿ (1914–2009). ನಿಮ್ಮ ಮಗನಿಗೆ ಈಗ ಮಾಡಲಿರುವ ಶಸ್ತ್ರಚಿಕಿತ್ಸೆ ಅವರ ವಿಧಾನದ ಒಳಗೇ ಇರುವ ಒಂದು ಮೆಟ್ಟಿಲು. ಅಂದರೆ ಚಿಕಿತ್ಸೆ ಸೋತು ಬೇರೆ ದಾರಿ ಹಿಡಿದಿದ್ದಾರೆಂದು ಇದರ ಅರ್ಥವಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಏನು ನಡೆಯುತ್ತದೆಂಬುದನ್ನು ನೀವು ಸರಿಯಾಗಿ ತಿಳಿದುಕೊಂಡರೆ ಮಗನಿಗೆ ಹೇಳುವುದು ಅರ್ಧ ಸುಲಭವಾಗುತ್ತದೆ. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಪಕ್ಕದಿಂದ ಒಂದು ಸ್ನಾಯು ಇಳಿದು ಬಂದು ಪಾದದ ಒಳಭಾಗಕ್ಕೆ ಅಂಟಿಕೊಂಡಿದೆ. ಪಾದವನ್ನು ಮೇಲಕ್ಕೆತ್ತುವುದು ಅದರ ಕೆಲಸ. ಸೊಟ್ಟಪಾದವಿದ್ದ ಮಕ್ಕಳಲ್ಲಿ ಅದು ಎತ್ತುವಾಗಲೆಲ್ಲ ಒಳಕ್ಕೂ ಎಳೆಯುತ್ತದೆ. ಹಾಗಾಗಿ ಹೊರ ಅಂಚಿನ ಮೇಲೆ ನಡಿಗೆ ಬೀಳುತ್ತದೆ. ಶಸ್ತ್ರವೈದ್ಯರು ಆ ಸ್ನಾಯುರಜ್ಜುವಿನ ತುದಿಯನ್ನು ಬಿಡಿಸಿ, ಪಾದದ ನಡುಭಾಗದ ಹೊರಬದಿಯಲ್ಲಿರುವ ಒಂದು ಸಣ್ಣ ಮೂಳೆಯಲ್ಲಿ ರಂಧ್ರ ಮಾಡಿ ಅಲ್ಲಿಗೆ ಜೋಡಿಸುತ್ತಾರೆ. ಜೋಡಣೆ ಗಟ್ಟಿಯಾಗುವವರೆಗೆ ಹಿಡಿದಿಡಲು ದಾರವನ್ನು ಅಂಗಾಲಿನ ಮೂಲಕ ತಂದು ಹೊರಗೊಂದು ಗುಂಡಿಗೆ ಕಟ್ಟುವುದು ರೂಢಿ. ಮೂಳೆ ಮತ್ತು ರಜ್ಜು ಒಂದಾಗಲು ಸುಮಾರು 6 ವಾರ ಬೇಕು, ಪ್ಲಾಸ್ಟರಿನ ಅವಧಿಯೂ ಅಷ್ಟೇ. ಅದೇ ಸ್ನಾಯು ಈಗ ಪಾದವನ್ನು ಒಳಕ್ಕೆ ಎಳೆಯದೆ ನೇರವಾಗಿ ಎತ್ತುತ್ತದೆ. ಇದನ್ನು ನಾಲ್ಕೂವರೆ ವರ್ಷದ ಮಗುವಿಗೆ ಹೇಳಬಹುದು: ‘ನಿನ್ನ ಪಾದದ ಒಳಗೆ ಹಗ್ಗದಂಥದ್ದು ಒಂದಿದೆ. ಅದು ಬದಿಗೆ ಎಳೆಯುತ್ತಿದೆ. ಡಾಕ್ಟರು ಅದನ್ನು ನಡುವೆ ಕಟ್ಟುತ್ತಾರೆ. ಆಮೇಲೆ ಅದು ನೇರವಾಗಿ ಎಳೆಯುತ್ತದೆ.’ ಇಷ್ಟು ಸಾಕು. ಕತ್ತರಿ, ರಕ್ತ, ರಂಧ್ರ ಇವುಗಳ ಮಾತು ಅವನಾಗಿ ಕೇಳದ ಹೊರತು ಬೇಡ; ಕೇಳಿದರೆ ಮಾತ್ರ ಹುಸಿಯಾಡಬಾರದು.

ಯಾವಾಗ ಹೇಳಬೇಕೆಂದರೆ, ಈ ವಯಸ್ಸಿಗೆ ಮೂರರಿಂದ ಐದು ದಿನ ಮುಂಚೆ ಹೇಳುವುದು ಒಳ್ಳೆಯದೆಂದು ನನ್ನ ಅನುಭವ. ಮೂರು ವಾರ ಮುಂಚೆ ಹೇಳಿದರೆ, ಕಾಲದ ಅಳತೆ ಇನ್ನೂ ತಿಳಿಯದ ಮಗು ದಿನವೂ ಅದು ಇಂದೇ ಎಂದು ಹೆದರುತ್ತದೆ. ದಾರಿಯಲ್ಲಿ ಹೇಳಿದರೆ ಪ್ರಶ್ನೆ ಕೇಳಲು ಅದಕ್ಕೆ ವೇಳೆಯೇ ಇರುವುದಿಲ್ಲ. ಎರಡು ವರ್ಷದ ಮಗುವಾದರೆ ಹಿಂದಿನ ದಿನ ಸಾಕು, ಎಂಟು ಹತ್ತು ವರ್ಷದವರಿಗೆ ದಿನ ಗೊತ್ತಾದಾಗಲೇ ತಿಳಿಸಬೇಕು. ಇನ್ನು ಸುತ್ತಾಡಲು ಹೋಗೋಣವೆಂದು ಕರೆದೊಯ್ಯುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಮನೆಯವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಆ ಒಂದು ಬೆಳಗ್ಗೆ ಸುಲಭವಾಗುವುದಕ್ಕಾಗಿ, ಮುಂದಿನ ಆರು ವಾರ ಹಾಗೂ ಅನಂತರದ ಎಲ್ಲ ಭೇಟಿಗಳಲ್ಲಿ ನಿಮ್ಮ ಮಾತಿಗೆ ಇರಬೇಕಾದ ಬೆಲೆಯನ್ನು ಕಳೆದುಕೊಳ್ಳುತ್ತೀರಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಒಬ್ಬ ಪುಟ್ಟ ಹುಡುಗಿಗೆ ‘ಒಂಚೂರೂ ನೋಯುವುದಿಲ್ಲ’ ಎಂದು ಹೇಳಿ ಅವಳ ಬಿಗಿದ ಕಾಲನ್ನು ಮಡಿಸಿದೆ. ನೋವಾಯಿತು. ಅನಂತರ ನಾಲ್ಕು ವಾರ ಅವಳು ನನ್ನ ಕೈ ಕಂಡರೆ ಕಾಲು ಒಳಗೆಳೆದುಕೊಳ್ಳುತ್ತಿದ್ದಳು, ಮತ್ತು ಆ ನಾಲ್ಕು ವಾರಗಳಲ್ಲಿ ಆಗಬೇಕಿದ್ದ ಚೇತರಿಕೆ ಹಿಂದೆ ಬಿತ್ತು. ಅಂದಿನಿಂದ ‘ನೋಯುವುದಿಲ್ಲ’ ಎಂಬ ಮಾತನ್ನು ನಾನು ಯಾವ ಮಗುವಿಗೂ ಹೇಳಿಲ್ಲ. ‘ಸ್ವಲ್ಪ ನೋಯಬಹುದು, ನಾನು ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ, ನೀನು ಸಾಕು ಎಂದರೆ ನಿಲ್ಲಿಸುತ್ತೇನೆ’ ಎನ್ನುತ್ತೇನೆ, ಮತ್ತು ಅವರು ಸಾಕು ಎಂದಾಗ ನಿಜವಾಗಿಯೂ ನಿಲ್ಲಿಸುತ್ತೇನೆ.

ಹೇಳುವಾಗ ಮೂರು ಸಂಗತಿಗಳನ್ನು ಗಮನದಲ್ಲಿಡಿ. ಈ ವಯಸ್ಸಿನ ಮಕ್ಕಳು ತಮಗಾದ ಕಾಯಿಲೆಯನ್ನು ತಾವು ಮಾಡಿದ ತುಂಟತನಕ್ಕೆ ಸಿಕ್ಕ ಶಿಕ್ಷೆಯೆಂದು ತಿಳಿಯುವುದುಂಟು. ಬಾಯಿಬಿಟ್ಟು ಕೇಳುವುದಿಲ್ಲವಾದ್ದರಿಂದ ‘ನೀನು ಏನೂ ತಪ್ಪು ಮಾಡಿಲ್ಲ’ ಎಂದು ನೀವಾಗಿಯೇ ಹೇಳಬೇಕು. ಅರಿವಳಿಕೆಯನ್ನು ಬರಿಯ ನಿದ್ದೆ ಎಂದರೆ ಕೆಲವು ಮಕ್ಕಳು ಆಮೇಲೆ ಮನೆಯಲ್ಲಿ ಮಲಗಲು ಹೆದರುತ್ತಾರೆ. ‘ಇದು ಔಷಧದ ನಿದ್ದೆ, ರಾತ್ರಿಯ ನಿದ್ದೆಯಲ್ಲ, ಈ ನಿದ್ದೆಯಲ್ಲಿ ನೋವು ಗೊತ್ತಾಗುವುದಿಲ್ಲ, ಡಾಕ್ಟರು ಪಕ್ಕದಲ್ಲೇ ಇದ್ದು ಕೆಲಸ ಮುಗಿದ ಕೂಡಲೇ ಎಬ್ಬಿಸುತ್ತಾರೆ’ ಎಂದು ಬಿಡಿಸಿ ಹೇಳಿ. ಮೂರನೆಯದು, ಅವನ ಕೈಯಲ್ಲಿ ಒಂದಿಷ್ಟು ಆಯ್ಕೆಯನ್ನು ಕೊಡಿ. ಯಾವ ಗೊಂಬೆ ಜೊತೆಗೆ ಬರಬೇಕು, ಫೈಬರ್ ಪ್ಲಾಸ್ಟರ್ ಆದರೆ ಯಾವ ಬಣ್ಣದ್ದು ಬೇಕು, ಮೊದಲು ಯಾರ ತೊಡೆಯ ಮೇಲೆ ಕುಳಿತುಕೊಳ್ಳಬೇಕು ಎಂಬುದನ್ನು ಅವನು ತೀರ್ಮಾನಿಸಲಿ. ಆದರೆ ‘ಆಸ್ಪತ್ರೆಗೆ ಹೋಗೋಣವೇ?’ ಎಂದು ಕೇಳಬೇಡಿ. ಬೇಡವೆನ್ನುವ ಹಕ್ಕು ಇಲ್ಲದ ಕಡೆ ಕೇಳಿದರೆ ಅದೂ ಒಂದು ಬಗೆಯ ಮೋಸವೇ. ಒಂದು ಗೊಂಬೆಯ ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿ, ಅದನ್ನು ದಿಂಬಿನ ಮೇಲೆ ಮಲಗಿಸಿ, ಆರು ವಾರದ ಆಟವನ್ನು ಆ ಮೂರು ನಾಲ್ಕು ದಿನಗಳಲ್ಲಿ ಆಡಿ ಮುಗಿಸಿ. ಮಕ್ಕಳು ತಮಗಿರುವ ನಿಜವಾದ ಹೆದರಿಕೆಯನ್ನು ಗೊಂಬೆಯ ಬಾಯಲ್ಲಿ ಆಡಿಸುತ್ತಾರೆ. ನೀವು ಕೇಳಿಸಿಕೊಂಡರೆ ಸಾಕು.

ಶಸ್ತ್ರಚಿಕಿತ್ಸೆಯ ದಿನ ಹೊಟ್ಟೆ ಖಾಲಿ ಇರಬೇಕಾದ ಅವಧಿಯನ್ನು ಆಸ್ಪತ್ರೆಯವರು ತಿಳಿಸುತ್ತಾರೆ. ಸಾಮಾನ್ಯವಾಗಿ ಘನ ಆಹಾರ ಮತ್ತು ಹಾಲಿಗೆ 6 ಗಂಟೆ, ತಿಳಿಯಾದ ನೀರಿಗೆ 1ರಿಂದ 2 ಗಂಟೆ ಇರುತ್ತದೆ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಾರದೆಂಬ ಕಾರಣದಿಂದ ಈ ನಿಯಮವಿರುವುದರಿಂದ, ಮಗು ಹಸಿದು ಅತ್ತಿತೆಂದು ಯಾರೂ ಗುಟ್ಟಾಗಿ ತಿನ್ನಲು ಕೊಡಬಾರದು. ಕೊಟ್ಟಿದ್ದರೆ ಮುಚ್ಚಿಡದೆ ಹೇಳಬೇಕು. ಹಿಂದಿನ ದಿನಗಳಲ್ಲಿ ಕೆಮ್ಮು, ಶೀತ, ಜ್ವರ ಬಂದಿದ್ದರೂ ಮೊದಲೇ ತಿಳಿಸಿ.

ಒಂದು ವಿಷಯವನ್ನು ಯಾರೂ ಮುಂಚೆ ಹೇಳದೆ ಎಷ್ಟೋ ತಾಯಿ ತಂದೆಯರು ಗಾಬರಿಗೊಳ್ಳುತ್ತಾರೆ, ಅದನ್ನು ಹೇಳಿಬಿಡುತ್ತೇನೆ. ಅರಿವಳಿಕೆಯಿಂದ ಏಳುವಾಗ ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಕೆಲವರು ತಾಯಿಯ ಗುರುತೇ ಹತ್ತದವರಂತೆ ಚೀರಿ, ಒದ್ದು, ಯಾವ ಸಮಾಧಾನಕ್ಕೂ ಬಗ್ಗದೆ ಅಳುತ್ತಾರೆ. ಹೆಚ್ಚಾಗಿ ಅರ್ಧ ಗಂಟೆಯೊಳಗೆ ಅದು ತಾನಾಗಿ ಇಳಿಯುತ್ತದೆ, ಮತ್ತು ಮಗುವಿಗೆ ಆಮೇಲೆ ಅದರ ನೆನಪು ಇರುವುದಿಲ್ಲ. ಆ ಹೊತ್ತಿನಲ್ಲಿ ಹೆಚ್ಚು ಮಾತನಾಡದೆ, ತಗ್ಗಿದ ದನಿಯಲ್ಲಿ ಅವನ ಹೆಸರು ಹೇಳುತ್ತ, ಕಾಲಿಗೆ ಪೆಟ್ಟಾಗದಂತೆ ಹಿಡಿದುಕೊಳ್ಳಿ. ನೋವಿನಿಂದ ಅಳುತ್ತಿರಬಹುದೇ ಎಂದು ದಾದಿಯನ್ನು ಕೇಳುವುದಕ್ಕೂ ಹಿಂಜರಿಯಬೇಡಿ.

ಮೊದಲ ಎರಡು ರಾತ್ರಿಗಳು ಕಷ್ಟದವು. ಸೊಂಟದ ಕೆಳಗೆ ಅಥವಾ ಮೊಣಕಾಲಿನ ಹಿಂದೆ ಕೊಟ್ಟ ಮರಗಟ್ಟಿಸುವ ಚುಚ್ಚುಮದ್ದಿನಿಂದ ಮೊದಲ ಹಲವು ಗಂಟೆ ಮಗು ಆರಾಮವಾಗಿರುತ್ತದೆ. ‘ನೋವೇ ಇಲ್ಲವಲ್ಲ’ ಎಂದು ಮನೆಯವರು ಔಷಧವನ್ನು ಮುಂದಕ್ಕೆ ಹಾಕುತ್ತಾರೆ. ನಡುರಾತ್ರಿ ಅದರ ಪ್ರಭಾವ ಇಳಿದಾಗ ನೋವು ಒಮ್ಮೆಲೇ ಮೇಲೇಳುತ್ತದೆ. ಹಾಗಾಗದಂತೆ ಮೊದಲ ಎರಡು ದಿನ, ವೈದ್ಯರು ಬರೆದುಕೊಟ್ಟ ನೋವಿನ ಔಷಧವನ್ನು ಅಳು ಬಂದಾಗಲ್ಲ, ಗಡಿಯಾರ ನೋಡಿ ಕೊಡಿ, ರಾತ್ರಿ ಎಬ್ಬಿಸಿಯಾದರೂ ಸರಿ. ಪ್ರಮಾಣ ಮಗುವಿನ ತೂಕದ ಮೇಲೆ ನಿರ್ಧಾರವಾಗುವುದರಿಂದ ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಕೊಡಬಾರದು. ಮನೆಯಲ್ಲಿ ಉಳಿದಿರುವ ಆಸ್ಪಿರಿನ್‌ನಂಥ ದೊಡ್ಡವರ ಮಾತ್ರೆಗಳನ್ನು ಕೊಡಲೇಬಾರದು. ಕಾಲು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ದಿಂಬುಗಳನ್ನು ಮೀನಖಂಡದ ಕೆಳಗಿಟ್ಟು, ಹಿಮ್ಮಡಿ ಮಾತ್ರ ಗಾಳಿಯಲ್ಲಿ ತೇಲುವಂತೆ ಬಿಡಿ. ಹಿಮ್ಮಡಿಯ ಮೇಲೆ ಭಾರ ಬಿದ್ದರೆ ಪ್ಲಾಸ್ಟರಿನೊಳಗೆ ಹುಣ್ಣಾಗುತ್ತದೆ. ನಿದ್ದೆಯಲ್ಲಿ ಕಾಲು ಒಮ್ಮೆಲೇ ಸೆಟೆದು ಮಗು ಬೆಚ್ಚಿ ಎದ್ದರೆ ಅದು ಸ್ನಾಯುಸೆಳೆತವಿರಬಹುದು. ಮೊದಲ ಕೆಲವು ದಿನ ಹೀಗಾಗುವುದುಂಟು, ಹೆಚ್ಚಿದ್ದರೆ ವೈದ್ಯರು ಅದಕ್ಕೂ ಔಷಧ ಕೊಡುತ್ತಾರೆ.

ಪ್ರಶ್ನೆ: ಏಳು ವರ್ಷದ ಮಗಳ ಪಾದದ ಶಸ್ತ್ರಚಿಕಿತ್ಸೆಯಾಗಿ ಐದು ದಿನ. ಪ್ಲಾಸ್ಟರ್ ಮೊಣಕಾಲಿನವರೆಗೆ ಇದೆ. ಒಳಗೆ ವಿಪರೀತ ತುರಿಕೆ ಎಂದು ರಾತ್ರಿಯೆಲ್ಲ ಅಳುತ್ತಾಳೆ. ಹೆಣಿಗೆಯ ಕಡ್ಡಿ ಹಾಕಿ ಮೆಲ್ಲಗೆ ತುರಿಸಿದರೆ ತಪ್ಪೇ? ಯಾವುದು ಸಾಮಾನ್ಯ, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು ಎಂಬುದೇ ತಂದೆಯಾದ ನನಗೆ ತಿಳಿಯುತ್ತಿಲ್ಲ.

ಉತ್ತರ: ಕಡ್ಡಿ ಹಾಕಬೇಡಿ, ಪುಡಿಯನ್ನೂ ಸುರಿಯಬೇಡಿ. ಪ್ಲಾಸ್ಟರಿನೊಳಗಿನ ಚರ್ಮ ಮೆತ್ತಗಾಗಿರುತ್ತದೆ, ಸಣ್ಣ ಗೀರೂ ಕಣ್ಣಿಗೆ ಕಾಣದ ಜಾಗದಲ್ಲಿ ಕೀವಾಗುತ್ತದೆ. ಜೊತೆಗೆ ಕಡ್ಡಿಯ ತುದಿಯಿಂದ ಒಳಗಿನ ಹತ್ತಿ ಸುಕ್ಕುಗಟ್ಟಿ ಒಂದೇ ಕಡೆ ಒತ್ತುತ್ತದೆ. ಕೂದಲು ಒಣಗಿಸುವ ಯಂತ್ರವನ್ನು ತಣ್ಣನೆಯ ಗಾಳಿಗೆ ಇಟ್ಟು ಪ್ಲಾಸ್ಟರಿನ ಬಾಯಿಯಿಂದ ಒಳಗೆ ಬಿಡಬಹುದು. ಹೊರಗಿನಿಂದ ಬೆರಳಿನಿಂದ ತಟ್ಟಬಹುದು. ಇನ್ನೊಂದು ಕಾಲಿನ ಅದೇ ಜಾಗವನ್ನು ಕೆರೆದರೂ ಕೆಲವು ಮಕ್ಕಳಿಗೆ ಸಮಾಧಾನವಾಗುತ್ತದೆ, ಮತ್ತು ಆ ಕೆಲಸವನ್ನು ಅವಳೇ ಮಾಡಿಕೊಳ್ಳಬಹುದಾದ್ದರಿಂದ ರಾತ್ರಿ ಅದು ಉಪಯೋಗಕ್ಕೆ ಬರುತ್ತದೆ. ಸೆಕೆಯಿಂದ ತುರಿಕೆ ಹೆಚ್ಚುತ್ತದೆ. ಕಾಲಿಗೆ ಹೊದಿಕೆ ಬೇಡ. ಇದಾವುದಕ್ಕೂ ಜಗ್ಗದಿದ್ದರೆ ತುರಿಕೆಗೆ ಔಷಧ ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಓಡಬೇಕಾದ್ದು ಯಾವಾಗ ಎಂಬುದನ್ನು ಎರಡು ಸಲ ಓದಿ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ತಿಳಿಸಿ. ಔಷಧ ಕೊಟ್ಟು, ಕಾಲನ್ನು ಮೇಲಕ್ಕಿಟ್ಟ ಮೇಲೂ ನೋವು ಗಂಟೆಯಿಂದ ಗಂಟೆಗೆ ಏರುತ್ತಲೇ ಇದ್ದರೆ. ಬೆರಳುಗಳನ್ನು ನೀವು ಮೆಲ್ಲಗೆ ಮೇಲಕ್ಕೆತ್ತಿದಾಗ ಮಗು ತಡೆಯಲಾರದೆ ಕಿರುಚಿದರೆ. ಬೆರಳುಗಳು ಬಿಳಿಚಿಕೊಂಡು ಅಥವಾ ನೀಲಿಗಟ್ಟಿ ತಣ್ಣಗಾಗಿದ್ದರೆ. ಜೋಮು ಹಿಡಿದಂತಿದ್ದು ಮುಟ್ಟಿದ್ದು ತಿಳಿಯದಿದ್ದರೆ. ಬೆರಳಾಡಿಸಲು ಆಗದಿದ್ದರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಒಳಗಿನ ಬಾವು ಪ್ಲಾಸ್ಟರಿನ ಇಕ್ಕಟ್ಟಿನಲ್ಲಿ ರಕ್ತದ ಹರಿವನ್ನೇ ತಡೆಯುತ್ತಿರಬಹುದು, ಮತ್ತು ಅದು ಗಂಟೆಗಳಲ್ಲಿ ಸ್ನಾಯುವನ್ನು ಹಾಳುಮಾಡುತ್ತದೆ. ಪರೀಕ್ಷಿಸುವುದು ಸುಲಭ: ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ, ಬಿಳಿಯಾದದ್ದು ಸುಮಾರು 2 ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಎರಡೂ ಕಾಲಿನಲ್ಲಿ ಮಾಡಿ ಹೋಲಿಸಿ ನೋಡಿ. ನೋವು ಹೇಳಿಕೊಳ್ಳಲು ಬಾರದ ಎಳೆಯ ಮಗುವಾದರೆ, ಯಾವುದಕ್ಕೂ ಸಮಾಧಾನವಾಗದ ಎಡೆಬಿಡದ ಅಳುವೇ ಆ ಸೂಚನೆ.

ಇದಕ್ಕಿಂತ ನಿಧಾನವಾದ, ಆದರೆ ಅದೇ ದಿನ ಕರೆ ಮಾಡಬೇಕಾದ ಸಂಗತಿಗಳೂ ಇವೆ. ಜ್ವರ, ಪ್ಲಾಸ್ಟರಿನಿಂದ ಬರುವ ಕೊಳೆತ ವಾಸನೆ, ಹೊರಗೆ ಹೊಸದಾಗಿ ಹರಡುತ್ತಿರುವ ಕಲೆ, ಒಂದೇ ಬಿಂದುವಿನಲ್ಲಿ ಉರಿಯುವ ನೋವು, ಪ್ಲಾಸ್ಟರ್ ಒದ್ದೆಯಾಗುವುದು ಅಥವಾ ಬಿರುಕು ಬಿಡುವುದು ಇವೆಲ್ಲ ಆ ಸಾಲಿಗೆ ಸೇರುತ್ತವೆ. ಮೊದಲ ದಿನ ಕಂಡಿದ್ದ ಬೆರಳುಗಳು ಈಗ ಒಳಗೆ ಸೇರಿಕೊಂಡಂತೆ ಕಂಡರೆ ಪ್ಲಾಸ್ಟರ್ ಜಾರಿದೆಯೆಂದು ಅರ್ಥ. ಮೊದಲ ದಿನವೇ ಬೆರಳುಗಳು ಎಷ್ಟು ಕಾಣುತ್ತವೆಂದು ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಇದಕ್ಕಾಗಿ ಒಳ್ಳೆಯ ಅಭ್ಯಾಸ.

ನಿಮ್ಮ ಮಗಳ ರಾತ್ರಿಯ ಅಳುವಿನಲ್ಲಿ ತುರಿಕೆಯಲ್ಲದ ಪಾಲೂ ಇರಬಹುದು. ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ಮೂರು ವಾರ ಕೆಟ್ಟ ಕನಸು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ತಾಯಿ ತಂದೆಯನ್ನು ಕ್ಷಣವೂ ಬಿಡದಿರುವುದು ಸಾಮಾನ್ಯ. ಇದಕ್ಕಾಗಿ ಬೈಯಬೇಡಿ. ದಿನದಲ್ಲಿ ಒಂದು ಹೊತ್ತು ಅವಳು ಕೂತಲ್ಲೇ ಮಾಡಬಹುದಾದ, ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸವನ್ನು ಕೊಡಿ. ಎಲ್ಲರೂ ತನಗೆ ಮಾಡಿಕೊಡುತ್ತಿರುವಾಗ ತಾನೂ ಒಂದನ್ನು ಮಾಡಿದೆನೆಂಬುದು ಮಕ್ಕಳಿಗೆ ಬಹಳ ದೊಡ್ಡದು.

ಪ್ರಶ್ನೆ: ಮೊಮ್ಮಗನಿಗೆ ಆರು ವರ್ಷ. ಪ್ಲಾಸ್ಟರ್ ಬಿಚ್ಚಿ ಹನ್ನೆರಡು ದಿನವಾಯಿತು. ನಡೆಯಬಹುದೆಂದು ವೈದ್ಯರು ಹೇಳಿದ್ದಾರೆ. ಅವನು ಮಾತ್ರ ಆ ಕಾಲನ್ನು ನೆಲಕ್ಕೆ ಊರುವುದೇ ಇಲ್ಲ, ತೆವಳಿಕೊಂಡು ಓಡಾಡುತ್ತಾನೆ. ಅವನ ಅಪ್ಪ ಗದರಿ ನಿಲ್ಲಿಸಲು ಹೋಗುತ್ತಾನೆ, ಮಗು ಹೌಹಾರುತ್ತದೆ. ಕಾಲು ಸಣಕಲಾಗಿ, ಚರ್ಮ ಸುಲಿದು, ರೋಮ ಬೆಳೆದು ಬೇರೆಯವರದ್ದೇನೋ ಎಂಬಂತೆ ಕಾಣುತ್ತಿದೆ. ಶಸ್ತ್ರಚಿಕಿತ್ಸೆ ಕೆಟ್ಟಿತೇ ಎಂದು ನನಗೆ ಭಯ.

ಉತ್ತರ: ಅಮ್ಮ, ನೀವು ಬರೆದ ಕಾಲಿನ ವರ್ಣನೆ ಆರು ವಾರ ಪ್ಲಾಸ್ಟರಿನಲ್ಲಿದ್ದ ಯಾವುದೇ ಕಾಲಿನ ವರ್ಣನೆ. ಸತ್ತ ಚರ್ಮ ಉದುರದೆ ಪದರಗಟ್ಟುತ್ತದೆ. ಬಿಸುಪಾದ ನೀರಿನಲ್ಲಿ ನೆನೆಸಿ, ಉಜ್ಜದೆ ಒರೆಸಿ, ಗಾಯ ಪೂರ್ತಿ ಮಾಗಿದ್ದರೆ ಎಣ್ಣೆ ಹಚ್ಚಿದರೆ ಒಂದೆರಡು ವಾರದಲ್ಲಿ ಅದು ಹೋಗುತ್ತದೆ. ಬೆಳೆದ ರೋಮವೂ ಕೆಲವು ತಿಂಗಳಲ್ಲಿ ಉದುರುತ್ತದೆ. ಸ್ನಾಯು ಕೆಲಸವಿಲ್ಲದೆ ಕರಗಿದೆ, ಕೆಲಸ ಸಿಕ್ಕಂತೆ ತುಂಬಿಕೊಳ್ಳುತ್ತದೆ. ಆದರೆ ನಿಮ್ಮ ಮೊಮ್ಮಗನಿಗೆ ಹುಟ್ಟಿನಿಂದ ಸೊಟ್ಟಪಾದವಿದ್ದಿದ್ದರೆ, ಆ ಬದಿಯ ಮೀನಖಂಡ ಮುಂದೆಯೂ ಇನ್ನೊಂದಕ್ಕಿಂತ ಸ್ವಲ್ಪ ತೆಳ್ಳಗೆ, ಪಾದ ಸ್ವಲ್ಪ ಚಿಕ್ಕದಾಗಿ ಉಳಿಯುವುದು ಸಹಜ. ಅದನ್ನು ಕುಂದೆಂದು ಅವನ ಮುಂದೆ ಹೇಳಬೇಡಿ.

ಅವನು ಕಾಲೂರದಿರುವುದು ಹಟವಲ್ಲ. ಆರು ವಾರ ಎಲ್ಲರೂ ‘ಊರಬೇಡ, ಊರಬೇಡ’ ಎಂದು ಕಾವಲು ಕಾದಿದ್ದಾರೆ. ಈಗ ಒಂದೇ ದಿನದಲ್ಲಿ ‘ಊರು’ ಎನ್ನುತ್ತಿದ್ದಾರೆ. ಗಟ್ಟಿಯಾದ ಚಿಪ್ಪು ಹೋಗಿ ಕಾಲು ಬರಿದಾಗಿದೆ, ಗಂಟು ಬಿಗಿದಿದೆ, ಅಂಗಾಲಿನ ಚರ್ಮಕ್ಕೆ ನೆಲದ ಸ್ಪರ್ಶವೇ ಚುಚ್ಚಿದಂತಾಗುತ್ತದೆ. ಈ ಸಮಯದಲ್ಲಿ ಗದರಿ ನಿಲ್ಲಿಸಿದರೆ ಮಗುವಿನ ದೇಹ ಕಲಿಯುವುದು ನಡಿಗೆಯನ್ನಲ್ಲ, ಬಿಗಿದುಕೊಳ್ಳುವುದನ್ನು. ಅವನ ತಂದೆಗೂ ಆತಂಕವೇ ಇರುತ್ತದೆ, ಅದು ಗದರಿಕೆಯಾಗಿ ಹೊರಬರುತ್ತಿದೆ ಅಷ್ಟೆ. ಈ ಪುಟವನ್ನು ಅವರಿಗೂ ಓದಲು ಕೊಡಿ.

ನಾನು ಮಾಡುವ ಕ್ರಮ ಇದು. ಮೊದಲು ಕಾಲಿಗೂ ಮಗುವಿಗೂ ಮತ್ತೆ ಪರಿಚಯವಾಗಬೇಕು: ಅವನೇ ತನ್ನ ಕೈಯಿಂದ ಮೆತ್ತನೆಯ ಬಟ್ಟೆ, ಟವೆಲು, ಬ್ರಷ್ಷಿನ ಬೆನ್ನು ಹೀಗೆ ಒಂದೊಂದಾಗಿ ಅಂಗಾಲಿಗೆ ಸವರಿಕೊಳ್ಳಲಿ. ಬಿಸುಪಾದ ನೀರಿನ ತೊಟ್ಟಿಯಲ್ಲಿ ಕುಳಿತು ಪಾದದಿಂದ ಆಟಿಕೆಗಳನ್ನು ತಳ್ಳಲಿ. ನೀರಿನಲ್ಲಿ ಭಾರ ತಿಳಿಯದ ಕಾರಣ ಪಾದ ತಾನಾಗಿ ಆಡುತ್ತದೆ. ಅನಂತರ ತಗ್ಗಾದ ಸ್ಟೂಲಿನ ಮೇಲೆ ಕೂರಿಸಿ ಎರಡೂ ಪಾದಗಳು ನೆಲಕ್ಕೆ ತಾಗುವಂತೆ ಮಾಡಿ, ಮುಂದೆ ಆಟಿಕೆಯಿಡಿ. ಅದಕ್ಕೆ ಕೈಚಾಚಿ ಬಾಗಿದಾಗಲೆಲ್ಲ ಅವನಿಗೇ ತಿಳಿಯದಂತೆ ಒಂದಿಷ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಮುಂದಿನ ಹಂತದಲ್ಲಿ ಅವನ ಎದೆಮಟ್ಟದ ಮೇಜಿನ ಮೇಲೆ ಆಟ, ಆಮೇಲೆ ಮೇಜಿನ ಅಂಚು ಹಿಡಿದು ಪಕ್ಕಕ್ಕೆ ಹೆಜ್ಜೆ. ನಡೆ ಎಂಬ ಮಾತನ್ನೇ ಆಡದೆ ಮಕ್ಕಳು ನಡೆಯತೊಡಗುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಇಂದಿಗೂ ಅದು ನನಗೆ ಕಣ್ತುಂಬುವ ಗಳಿಗೆ. ಸ್ನಾಯುವಿನ ಜಾಗ ಬದಲಿಸಿದ ಮಕ್ಕಳಿಗೆ ಇನ್ನೊಂದು ಆಟ ಬೇಕು. ಕುಳಿತು, ಹಿಮ್ಮಡಿಯನ್ನು ನೆಲದಲ್ಲಿಟ್ಟು, ಪಾದದ ಮುಂಭಾಗವನ್ನು ಮೇಲಕ್ಕೆತ್ತಿ ನಿಮ್ಮ ಅಂಗೈಗೆ ಮುಟ್ಟಿಸುವುದು. ಹೊಸ ಜಾಗದಲ್ಲಿರುವ ಸ್ನಾಯು ತನ್ನ ಹೊಸ ಕೆಲಸವನ್ನು ಕಲಿಯುವುದು ಹೀಗೆ.

ಮೊದಲ ಕೆಲವು ವಾರ ಕುಂಟುನಡೆ ಇದ್ದೇ ಇರುತ್ತದೆ, ಸಂಜೆ ಬಾವೂ ಬರುತ್ತದೆ. ದಿನದಿಂದ ದಿನಕ್ಕೆ ಅಳೆಯದೆ, ವಾರದಿಂದ ವಾರಕ್ಕೆ ಹೋಲಿಸಿ. ಮೂರು ನಾಲ್ಕು ವಾರ ಕಳೆದರೂ ಒಂದಿಷ್ಟೂ ಭಾರ ಹಾಕದಿದ್ದರೆ, ಒಂದೇ ಜಾಗ ಮುಟ್ಟಿದರೆ ನೋವೆಂದರೆ, ಗಾಯದ ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ, ಅಥವಾ ನಡೆಯತೊಡಗಿದ್ದ ಮಗು ಏಕಾಏಕಿ ನಿಲ್ಲಿಸಿದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ತೋರಿಸಿ. ಅದಿಲ್ಲದಿದ್ದರೆ ನಿಮ್ಮ ಭಯಕ್ಕೆ ಕಾರಣವಿಲ್ಲ.

ಪ್ರಶ್ನೆ: ನನಗೆ ಹದಿಮೂರು ವರ್ಷ. ನನ್ನ ಎಡಪಾದ ಚಪ್ಪಟೆ ಮತ್ತು ಬಿಗಿ. ಎರಡು ಮೂಳೆಗಳು ಒಂದಕ್ಕೊಂದು ಕೂಡಿಕೊಂಡಿವೆ, ಆ ಸೇತುವೆಯನ್ನು ತೆಗೆಯಬೇಕೆಂದು ಡಾಕ್ಟರು ಅಪ್ಪನಿಗೆ ಹೇಳಿದರು. ನನ್ನನ್ನು ಹೊರಗೆ ಕೂರಿಸಿದ್ದರು. ಎಲ್ಲರೂ ‘ನಿನಗೇಕೆ ಚಿಂತೆ’ ಎನ್ನುತ್ತಾರೆ. ಪಾದ ನನ್ನದೇ ಅಲ್ಲವೇ? ತರಗತಿಯಲ್ಲಿ ಊರುಗೋಲು ಹಿಡಿದು ಹೋಗುವುದಕ್ಕೂ ನಾಚಿಕೆ.

ಉತ್ತರ: ಪಾದ ನಿನ್ನದೇ, ಪುಟ್ಟಿ. ನಿನ್ನ ಪತ್ರವನ್ನು ನಾನು ಎಲ್ಲಕ್ಕಿಂತ ಹೆಚ್ಚು ಸಲ ಓದಿದೆ. ನಿನ್ನಂಥ ಮಕ್ಕಳಲ್ಲಿ ಈ ಸೇತುವೆ ಹುಟ್ಟಿನಿಂದಲೇ ಇರುತ್ತದೆ. ಆಗ ಅದು ಮೃದ್ವಸ್ಥಿಯಂತೆ ಮೆತ್ತಗಿದ್ದು, ಎಂಟರಿಂದ ಹದಿನಾರು ವರ್ಷದ ನಡುವೆ ಗಟ್ಟಿಯಾಗುತ್ತದೆ. ಅದಕ್ಕೇ ಚಿಕ್ಕಂದಿನಲ್ಲಿ ಇಲ್ಲದ ನೋವು ಈಗ ಬಂದಿರುವುದು, ಒರಟು ನೆಲದಲ್ಲಿ ನಡೆದರೆ ಹೆಚ್ಚುವುದು. ಸೇತುವೆಯನ್ನು ತೆಗೆದ ಮೇಲೆ ಆ ಜಾಗ ಮತ್ತೆ ಕೂಡಿಕೊಳ್ಳದಿರಲೆಂದು ನಿನ್ನದೇ ದೇಹದ ಸ್ವಲ್ಪ ಕೊಬ್ಬನ್ನೋ ಸ್ನಾಯುವನ್ನೋ ಅಲ್ಲಿ ತುಂಬುತ್ತಾರೆ. ಪಾದದ ಬಿಗಿ ಕಡಿಮೆಯಾಗುವುದು ಇದರ ಗುರಿ. ಚಪ್ಪಟೆಯಾದ ಪಾದಕ್ಕೆ ಇದರಿಂದ ಕಮಾನು ಮೂಡುತ್ತದೆಂದು ಕಾಯಬೇಡ. ಕೂಡಿದ ಮೂಳೆಗಳು ಅಲುಗಾಡಲೆಂದೇ ಈ ಶಸ್ತ್ರಚಿಕಿತ್ಸೆ ಮಾಡುವುದರಿಂದ, ಸ್ನಾಯು ಜೋಡಿಸಿದವರಂತೆ ನಿನ್ನ ಪಾದವನ್ನು ಬಹಳ ಕಾಲ ಕಟ್ಟಿಹಾಕುವುದಿಲ್ಲ. ಪಾದವನ್ನು ಆಡಿಸುವ ವ್ಯಾಯಾಮ ಬೇಗನೆ ಶುರುವಾಗುತ್ತದೆ. ಅದನ್ನು ದಿನವೂ ಮಾಡುವುದು ನಿನ್ನ ಕೈಯಲ್ಲಿದೆ, ನಿನ್ನ ಅಪ್ಪನ ಕೈಯಲ್ಲಲ್ಲ.

ಊರುಗೋಲನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತರಿಸಿಕೊಂಡು, ನೋವಿಲ್ಲದಾಗಲೇ ಮೆಟ್ಟಿಲು ಹತ್ತಿ ಇಳಿಯುವುದನ್ನು ಫಿಜಿಯೋಥೆರಪಿಸ್ಟ್ ಹತ್ತಿರ ಕಲಿ. ಭಾರ ಅಂಗೈಯ ಮೇಲೆ ಬೀಳಬೇಕು, ಕಂಕುಳ ಮೇಲಲ್ಲ. ಕಂಕುಳಲ್ಲಿ ಒತ್ತಿದರೆ ಅಲ್ಲಿ ಹಾದುಹೋಗುವ ನರಗಳಿಗೆ ಪೆಟ್ಟಾಗುತ್ತದೆ. ನಾಚಿಕೆ ಹೋಗುತ್ತದೆಂದು ನಾನು ಹೇಳುವುದಿಲ್ಲ, ಮೊದಲ ದಿನ ಎಲ್ಲರೂ ನೋಡುತ್ತಾರೆ. ನಂಬುಗೆಯ ಒಬ್ಬ ಗೆಳತಿಗೆ ಮೊದಲೇ ಎಲ್ಲವನ್ನೂ ಹೇಳಿಟ್ಟರೆ, ತರಗತಿಯಲ್ಲಿ ಉಳಿದವರ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅವಳೇ ಉತ್ತರಿಸುತ್ತಾಳೆ. ನಿನ್ನ ಚೀಲ ಹೊರುವವರು ಯಾರು, ಶೌಚಾಲಯಕ್ಕೆ ಹೋಗಲು ಎಷ್ಟು ಮುಂಚೆ ಬಿಡಬೇಕು, ಕಾಲು ಚಾಚಿ ಕೂರಲು ಯಾವ ಬೆಂಚು ಎಂಬುದನ್ನು ಅಪ್ಪ ಅಮ್ಮ ಶಾಲೆಯವರೊಂದಿಗೆ ಮಾತನಾಡಿ ತೀರ್ಮಾನಿಸಲಿ. ಆ ಮಾತಿನ ಹೊತ್ತಿಗೆ ನೀನೂ ಅಲ್ಲಿರು.

ಇನ್ನು ನಿನ್ನ ಅಪ್ಪನಿಗೆ ಒಂದು ಮಾತು. ಅವರು ಇದನ್ನು ಓದುತ್ತಾರೆಂದು ಭಾವಿಸುತ್ತೇನೆ. ಮುಂದಿನ ಭೇಟಿಗೆ ದಯವಿಟ್ಟು ಮಗಳನ್ನು ಒಳಗೆ ಕರೆದುಕೊಂಡು ಹೋಗಿ. ಅವಳು ಒಂದು ಹಾಳೆಯಲ್ಲಿ ತನ್ನ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿರಲಿ: ಗಾಯ ಎಲ್ಲಿ, ಎಷ್ಟು ಉದ್ದ, ಎದ್ದಾಗ ನೋವು ಎಷ್ಟಿರುತ್ತದೆ, ಯಾವ ದಿನದಿಂದ ಕಾಲೂರಬಹುದು, ಆಟಕ್ಕೆ ಯಾವಾಗ ಮರಳಬಹುದು, ಸೇತುವೆ ಮತ್ತೆ ಬೆಳೆದರೆ ಏನು ಮಾಡುತ್ತಾರೆ. ಹಾಳೆಯನ್ನು ಅವಳೇ ಓದಲಿ, ಉತ್ತರಗಳನ್ನು ಅವಳೇ ಬರೆದುಕೊಳ್ಳಲಿ, ನೀವು ಪಕ್ಕದ ಕುರ್ಚಿಯಲ್ಲಿ ಕುಳಿತಿರಿ.